ತೈವಾನ್ ದ್ವೀಪದಲ್ಲಿ ಹಕ್ಕಿ ವೀಕ್ಷಣೆ: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹವ್ಯಾಸಿಗಳಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಬಯಲುಸೀಮೆಯ ಹಕ್ಕಿ ವೀಕ್ಷಕರು ಮೊದಲ ಬಾರಿಗೆ ಹೊರದೇಶಕ್ಕೆ ಹೋಗುವ ಯೋಚನೆ ಮಾಡಿದಾಗ ಶ್ರೀಲಂಕಾ ಅಥವಾ ಥಾಯ್ಲೆಂಡ್‌ನ ಹೆಸರು ಹೇಳುವುದು ವಾಡಿಕೆ. ದೇವನಹಳ್ಳಿ, ನರಸಾಪುರದ ಕಡೆಯವರಿಗೆ ತೈವಾನ್ ಎಂದರೆ ಮೊಬೈಲ್ ಕಾರ್ಖಾನೆಗಳ ನೆನಪು ಬರುತ್ತದೆಯೇ ಹೊರತು ಹಕ್ಕಿಗಳದ್ದಲ್ಲ. ಆದರೆ ಕರ್ಕಾಟಕ ಸಂಕ್ರಾಂತಿ ವೃತ್ತ ಹಾದುಹೋಗುವ ಈ ಉಪೋಷ್ಣವಲಯದ ದ್ವೀಪದಲ್ಲಿ, ಜಗತ್ತಿನ ಬೇರೆಲ್ಲೂ ಕಾಣಸಿಗದ ಸುಮಾರು 30 ಹಕ್ಕಿ ಪ್ರಭೇದಗಳಿವೆ. ವರ್ಗೀಕರಣ ಮಾಡುವವರನ್ನು ಅವಲಂಬಿಸಿ ಈ ಸಂಖ್ಯೆ ಒಂದೆರಡು ಹೆಚ್ಚುಕಡಿಮೆ ಆಗುತ್ತದೆ. ದ್ವೀಪದ ವಿಸ್ತೀರ್ಣ ಸುಮಾರು 36,000 ಚದರ ಕಿಲೋಮೀಟರ್, ಅಂದರೆ ನಮ್ಮ ತುಮಕೂರು ಜಿಲ್ಲೆಯ ಸುಮಾರು ಮೂರೂವರೆ ಪಟ್ಟು ಮಾತ್ರ. ಇಷ್ಟು ಚಿಕ್ಕ ನೆಲದಲ್ಲಿ 3,000 ಮೀಟರ್‌ಗಿಂತ ಎತ್ತರದ ಶಿಖರಗಳು ಇನ್ನೂರಕ್ಕೂ ಹೆಚ್ಚಿವೆ, ಅವುಗಳಲ್ಲಿ ಯೂಶಾನ್ 3,952 ಮೀಟರ್ ಏರಿ ನಿಂತಿದೆ.

ಈ ಎತ್ತರವೇ ಇಡೀ ಪ್ರವಾಸದ ಕೀಲಿ. ಹಿಮಯುಗಗಳಲ್ಲಿ ಸಮುದ್ರ ಮಟ್ಟ ಇಳಿದಾಗ ಆಳವಿಲ್ಲದ ತೈವಾನ್ ಜಲಸಂಧಿ ಒಣನೆಲವಾಗಿ, ಏಷ್ಯಾದ ಮುಖ್ಯಭೂಮಿಯ ಹಕ್ಕಿಗಳು ದ್ವೀಪವನ್ನು ಸೇರಿದವು. ಭೂಮಿ ಮತ್ತೆ ಬಿಸಿಯಾಗಿ ಸಮುದ್ರ ಏರಿದಾಗ ಅವು ತಂಪನ್ನು ಅರಸುತ್ತ ಬೆಟ್ಟ ಹತ್ತಿ, ಅಲ್ಲಿಯೇ ಬೇರ್ಪಟ್ಟು ಬೇರೆ ಪ್ರಭೇದಗಳಾದವು. ಆದ್ದರಿಂದಲೇ ತೈವಾನಿನ ಕಾಡಿನಲ್ಲಿ ಕಾಣುವ ಸಿಬಿಯಾ, ಯುಹಿನಾ, ಲಿಯೋಸಿಕ್ಲಾ ಎಂಬ ಹಕ್ಕಿಗಳ ಹತ್ತಿರದ ನೆಂಟರು ಪೂರ್ವ ಹಿಮಾಲಯದಲ್ಲಿದ್ದಾರೆ. 2006ರಲ್ಲಿ ಅರುಣಾಚಲದ ಈಗಲ್‌ನೆಸ್ಟ್‌ನಿಂದ ವರ್ಣಿಸಲಾದ ಬುಗುನ್ ಲಿಯೋಸಿಕ್ಲಾ ಅಂಥ ನೆಂಟರಲ್ಲೊಂದು. ಹೀಗೆ ಪ್ರತಿ ಎತ್ತರದ ಪಟ್ಟಿಗೂ ಅದರದೇ ಹಕ್ಕಿಗಳಿರುವುದರಿಂದ, ತೈವಾನ್ ಪ್ರವಾಸವನ್ನು ಊರುಗಳ ಲೆಕ್ಕದಲ್ಲಿ ಹಾಕದೆ ಎತ್ತರದ ಲೆಕ್ಕದಲ್ಲಿ ಹಾಕಬೇಕು ಎಂಬುದು ಈ ಬರಹದುದ್ದಕ್ಕೂ ನನ್ನ ಮುಖ್ಯ ಸಲಹೆ. ಸಾಮಾನ್ಯ ಪ್ರವಾಸಿ ಕಂಪನಿಗಳು ಕೊಡುವ ‘ದ್ವೀಪ ಸುತ್ತುವ’ ಯೋಜನೆಯಲ್ಲಿ ಕರಾವಳಿಯ ನಗರಗಳನ್ನೇ ಸುತ್ತಿ ಬರುವುದರಿಂದ, ಅದನ್ನು ನೆಚ್ಚಿದ ಹಕ್ಕಿ ವೀಕ್ಷಕನಿಗೆ ಅರ್ಧಕ್ಕರ್ಧ ಹಕ್ಕಿಗಳು ತಪ್ಪಿಹೋಗುತ್ತವೆ.

ಮೊದಲ ಹಂತ: ಯಾವ ತಿಂಗಳು, ಯಾವ ಹಕ್ಕಿಗಾಗಿ

ದ್ವೀಪದ ಎಲ್ಲ ಹಕ್ಕಿಗಳನ್ನೂ ಒಂದೇ ಪ್ರವಾಸದಲ್ಲಿ ನೋಡಿಬಿಡುವ ಆಸೆಯನ್ನು ಮೊದಲೇ ಕೈಬಿಡಬೇಕು. ಕಪ್ಪು ಮುಖದ ಚಮಚಕೊಕ್ಕಿನ ಹಕ್ಕಿಗಳು ಅಕ್ಟೋಬರ್‌ನಲ್ಲಿ ಬಂದು ಮಾರ್ಚ್ ಮುಗಿಯುವ ಹೊತ್ತಿಗೆ ಹೆಚ್ಚಿನ ಪಾಲು ಉತ್ತರಕ್ಕೆ ಹೊರಟಿರುತ್ತವೆ. ನಮ್ಮ ನವರಂಗದ ಸೋದರ ಸಂಬಂಧಿಯಾದ ಫೇರಿ ಪಿಟ್ಟಾ ಏಪ್ರಿಲ್ ಕೊನೆಯಲ್ಲಷ್ಟೇ ಮರಿ ಮಾಡಲು ಬರುತ್ತದೆ. ಎರಡನ್ನೂ ಒಟ್ಟಿಗೆ ನೋಡುವುದು ಬಹುತೇಕ ಆಗದ ಮಾತು.

ಬೆಟ್ಟದ ಸ್ಥಳೀಯ ಪ್ರಭೇದಗಳೇ ಮುಖ್ಯವೆನ್ನುವವರಿಗೆ ಮಾರ್ಚ್ ಕೊನೆಯಿಂದ ಮೇ ಮೊದಲ ವಾರಗಳವರೆಗಿನ ಕಾಲ ಅತ್ಯುತ್ತಮ. ಆಗ ಹಕ್ಕಿಗಳು ಹಾಡುತ್ತಿರುತ್ತವೆ, ಹಾಡುವ ಹಕ್ಕಿಯನ್ನು ಹುಡುಕುವುದು ಸುಲಭ. ಏಪ್ರಿಲ್ 4–5ರ ಆಸುಪಾಸಿನಲ್ಲಿ ಅಲ್ಲಿನವರು ಹಿರಿಯರ ಸಮಾಧಿಗಳಿಗೆ ಹೋಗುವ ಹಬ್ಬದ ರಜೆ ಬರುವುದರಿಂದ ರಸ್ತೆ, ವಸತಿ ಎಲ್ಲವೂ ಕಿಕ್ಕಿರಿದಿರುತ್ತವೆ. ಅಷ್ಟು ದಿನಗಳನ್ನು ತಪ್ಪಿಸಿದರೆ ಸಾಕು. ಮೇ ಮಧ್ಯದಿಂದ ಜೂನ್‌ವರೆಗೆ ಬಿಡದೆ ಸುರಿಯುವ ಮಳೆಯ ಕಾಲ, ಜುಲೈಯಿಂದ ಸೆಪ್ಟೆಂಬರ್‌ವರೆಗೆ ಚಂಡಮಾರುತಗಳ ಕಾಲ. ಮಳೆಗೆ ಕುಸಿದ ಬೆಟ್ಟದ ರಸ್ತೆ ವಾರಗಟ್ಟಲೆ ಮುಚ್ಚಿರಬಹುದಾದ್ದರಿಂದ ಈ ತಿಂಗಳುಗಳನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಶಾಲಾ ಕಾಲೇಜುಗಳಲ್ಲಿ ಕೆಲಸ ಮಾಡುವವರಿಗೆ ದಸರಾ ರಜೆ ಒಂದು ಒಳ್ಳೆಯ ಅವಕಾಶ. ಅಕ್ಟೋಬರ್ 10 ತೈವಾನಿನ ರಾಷ್ಟ್ರೀಯ ದಿನ; ಅದೇ ಸುಮಾರಿಗೆ ದಕ್ಷಿಣ ತುದಿಯ ಕೆನ್‌ಡಿಂಗ್‌ನ ಮೇಲೆ ಗ್ರೇ-ಫೇಸ್ಡ್ ಬಝರ್ಡ್ ಎಂಬ ಬೇಟೆಹಕ್ಕಿಗಳು ಸಾವಿರಗಳ ಲೆಕ್ಕದಲ್ಲಿ ವಲಸೆ ಹೋಗುತ್ತವೆ. ನಮ್ಮ ಪಂಚಾಂಗದಲ್ಲಿ ದಸರಾ ಅಕ್ಟೋಬರ್ ಮಧ್ಯಕ್ಕೆ ಬಿದ್ದ ವರ್ಷ ಬೇಟೆಹಕ್ಕಿಗಳ ವಲಸೆಯನ್ನೂ, ಆಗತಾನೇ ಬಂದಿಳಿದ ಚಮಚಕೊಕ್ಕುಗಳನ್ನೂ ನೋಡಿ, ಬೆಟ್ಟ ಹತ್ತಿ ಕಾಡುಕೋಳಿ ಜಾತಿಯ ಫೆಸೆಂಟ್‌ಗಳನ್ನೂ ನೋಡಿ ಬರಬಹುದು. ಚಂಡಮಾರುತದ ಬಾಲ ಅಕ್ಟೋಬರ್‌ವರೆಗೂ ಚಾಚುವುದುಂಟು ಎಂಬುದನ್ನು ಮಾತ್ರ ನೆನಪಿನಲ್ಲಿಟ್ಟುಕೊಳ್ಳಬೇಕು.

ಎರಡನೆಯ ಹಂತ: ದೇವರಾಯನದುರ್ಗದಲ್ಲಿ ತಯಾರಿ

ದುಬಾರಿ ಟಿಕೆಟ್ ಕೊಂಡು ಹೋಗಿ ಅಲ್ಲಿ ದುರ್ಬೀನು ಹಿಡಿಯುವುದನ್ನು ಕಲಿಯುವುದಕ್ಕಿಂತ ಮನೆಯ ಹತ್ತಿರವೇ ಕಲಿತು ಹೋಗುವುದು ಲೇಸು. ಇದಕ್ಕೆ ನಮ್ಮ ಮೂರು ಜಿಲ್ಲೆಗಳಷ್ಟು ಅನುಕೂಲವಾದ ನೆಲ ಬೇರೆ ಕಡೆ ಸಿಗುವುದು ಕಷ್ಟ ಎಂದು ಸ್ವಲ್ಪ ಅಭಿಮಾನದಿಂದಲೇ ಹೇಳುತ್ತೇನೆ.

ದೇವರಾಯನದುರ್ಗ ಮತ್ತು ನಂದಿ ಬೆಟ್ಟದ ಬಂಡೆ, ಕುರುಚಲುಗಳ ನಡುವೆ ಹಳದಿ ಕೊರಳಿನ ಪಿಕಳಾರವಿದೆ. ದಕ್ಷಿಣ ಭಾರತದ ಬಂಡೆ ಬೆಟ್ಟಗಳಲ್ಲಿ ಮಾತ್ರ ಬದುಕುವ ಈ ಹಕ್ಕಿಯನ್ನು ನೋಡಲು ದೂರದೂರಿನವರು ಬರುತ್ತಾರೆ. ಅದನ್ನು ಅಲ್ಲಿಯೇ ಓಡಾಡುವ ಬಿಳಿ ಹುಬ್ಬಿನ ಪಿಕಳಾರದಿಂದ ಬೇರ್ಪಡಿಸಿ ಗುರುತಿಸುವುದನ್ನು ರೂಢಿಸಿಕೊಂಡವರಿಗೆ ತೈವಾನಿನ ಒಂದು ಕಠಿಣ ಪರೀಕ್ಷೆ ಸುಲಭವಾಗುತ್ತದೆ. ಅಲ್ಲಿನ ಪೂರ್ವ ಕರಾವಳಿ ಮತ್ತು ದಕ್ಷಿಣ ತುದಿಯಲ್ಲಿ ಮಾತ್ರ ಇರುವ ಸ್ಟೈಯನ್ಸ್ ಬುಲ್‌ಬುಲ್ ಎಂಬ ಪಿಕಳಾರದ ನೆತ್ತಿ ಪೂರ್ತಿ ಕಪ್ಪು, ಕೊಕ್ಕಿನ ಬುಡದಲ್ಲಿ ಕಿತ್ತಳೆಗೆಂಪಿನ ಒಂದು ಚುಕ್ಕೆ, ಕೆನ್ನೆಯ ಕೆಳಗೆ ಕಪ್ಪು ಮೀಸೆಯಂಥ ಗೆರೆ; ಪಶ್ಚಿಮದ ಲೈಟ್-ವೆಂಟೆಡ್ ಬುಲ್‌ಬುಲ್‌ಗೆ ತಲೆಯ ಹಿಂಭಾಗದಲ್ಲಿ ಎದ್ದುಕಾಣುವ ಬಿಳಿ ಪಟ್ಟಿ. ಎರಡೂ ಬೆರೆತು ಹುಟ್ಟಿದ ಮಿಶ್ರತಳಿಗಳು ಗಡಿಭಾಗದಲ್ಲಿ ಹೇರಳವಾಗಿರುವುದರಿಂದ ನೆತ್ತಿ, ಮೀಸೆ, ಚುಕ್ಕೆ ಮೂರನ್ನೂ ನೋಡದೆ ಹೆಸರು ಬರೆಯುವಂತಿಲ್ಲ. ಪುಣ್ಯ ಬರಲೆಂದು ಪಂಜರದ ಹಕ್ಕಿಗಳನ್ನು ಕೊಂಡು ಬಿಡುವ ಪದ್ಧತಿಯೂ ಈ ಬೆರಕೆಗೆ ಒಂದು ಕಾರಣವೆನ್ನುತ್ತಾರೆ.

ನಾಮದ ಚಿಲುಮೆಯ ಕಾಡಿನಲ್ಲಿ ಬೆಳಗಿನ ಜಾವ ಒಂದೇ ಕಡೆ ಅರ್ಧ ಗಂಟೆ ಅಲುಗಾಡದೆ ನಿಂತು, ಕಣ್ಣಿಗಿಂತ ಮೊದಲು ಕಿವಿಯಿಂದ ಹಕ್ಕಿಗಳನ್ನು ಎಣಿಸುವ ಅಭ್ಯಾಸ ಮಾಡಬೇಕು. ತೈವಾನಿನ ಮಧ್ಯ ಎತ್ತರದ ಕಾಡು ನಮ್ಮ ಕುರುಚಲಿಗಿಂತ ಬಹಳ ದಟ್ಟವಾಗಿದ್ದು, ಅಲ್ಲಿ ಕೂಗು ಗೊತ್ತಿಲ್ಲದವನಿಗೆ ಎಲೆ ಅಲ್ಲಾಡಿದ್ದಷ್ಟೇ ಕಾಣುತ್ತದೆ. ನೀರು ಹಕ್ಕಿಗಳಿಗೆ ಶಿರಾ ತಾಲ್ಲೂಕಿನ ಕಗ್ಗಲಡು ಒಳ್ಳೆಯ ಪಾಠಶಾಲೆ. ಊರ ನಡುವಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಹಳ್ಳಿಯವರೇ ಕಾಯುತ್ತಾರೆ. ದೊಡ್ಡ ಹಕ್ಕಿಗಳ ಗುಂಪಿನಲ್ಲಿ ಪ್ರಾಯದ್ದು, ಮರಿ, ಜಾತಿ ಬೇರೆಯದ್ದು ಯಾವುದೆಂದು ವಿಂಗಡಿಸುವ ಕಲೆ ಅಲ್ಲಿ ಕೈಗೆ ಹತ್ತುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶದಲ್ಲಿ ಹಾರುವ ಬೇಟೆಹಕ್ಕಿಯನ್ನು ರೆಕ್ಕೆಯ ಆಕಾರದಿಂದಲೇ ಗುರುತಿಸುವುದನ್ನು ಕಲಿಯಬಹುದು. ಕೋಲಾರದವರಿಗೆ ಅಂತರಗಂಗೆ ಬೆಟ್ಟವಿದೆ. ಒಬ್ಬರೇ ಕಲಿಯುವುದು ಬೇಸರವೆನಿಸಿದರೆ ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್‌ನಂಥ ಹವ್ಯಾಸಿ ಬಳಗಗಳ ಜೊತೆ ಸೇರುವುದು ಒಳ್ಳೆಯದು.

ತೈವಾನಿನ ಹಕ್ಕಿಗಳಿಗೆ ಕನ್ನಡದಲ್ಲಿ ರೂಢಿಯ ಹೆಸರುಗಳಿಲ್ಲ. ಇಂಗ್ಲಿಷ್ ಹೆಸರುಗಳೂ ಒಂದು ಪುಸ್ತಕದಿಂದ ಇನ್ನೊಂದಕ್ಕೆ ಬದಲಾಗುತ್ತವೆ. ಆದ್ದರಿಂದ ವೈಜ್ಞಾನಿಕ ಹೆಸರುಗಳ ಪಟ್ಟಿಯೊಂದನ್ನು ಸ್ವತಃ ಕೈಯಿಂದ ಬರೆದುಕೊಂಡು, ಪ್ರತಿ ಹೆಸರಿನ ಮುಂದೆ ಆ ಹಕ್ಕಿ ವಾಸಿಸುವ ಎತ್ತರವನ್ನು ಗುರುತು ಹಾಕಿಕೊಳ್ಳಬೇಕು. ಹಕ್ಕಿ ಗುರುತಿಸಲು ನೆರವಾಗುವ ಮರ್ಲಿನ್ ಆ್ಯಪ್‌ನಲ್ಲಿ ಆ ದೇಶದ ಪ್ಯಾಕ್ ಇಳಿಸಿಕೊಂಡರೆ ಕೂಗುಗಳನ್ನು ಮನೆಯಲ್ಲಿ ಕುಳಿತೇ ಕೇಳಬಹುದು. ವೀಕ್ಷಕರು ತಮ್ಮ ಪಟ್ಟಿಗಳನ್ನು ಏರಿಸುವ ಇ-ಬರ್ಡ್ ಜಾಲತಾಣದಲ್ಲಿ ಯಾವ ಜಾಗದಲ್ಲಿ ಯಾವ ವಾರ ಯಾವ ಹಕ್ಕಿ ದಾಖಲಾಗಿದೆ ಎಂಬುದು ಸಿಗುತ್ತದೆ. ಎರಡೂ ಉಚಿತ.

ಮೂರನೆಯ ಹಂತ: ಕಾಗದಪತ್ರ, ಟಿಕೆಟ್, ಹಣ

ಭಾರತೀಯರಿಗೆ ತೈವಾನ್ ಪ್ರವೇಶಕ್ಕೆ ಅನುಮತಿ ಬೇಕು. ಅಮೆರಿಕ, ಬ್ರಿಟನ್, ಕೆನಡಾ, ಜಪಾನ್, ಆಸ್ಟ್ರೇಲಿಯಾ, ಯುರೋಪಿನ ಶೆಂಗೆನ್ ಮುಂತಾದ ವೀಸಾ ಚಾಲ್ತಿಯಲ್ಲಿದ್ದರೆ ಅಥವಾ ಅದರ ಅವಧಿ ಮುಗಿದು ಹತ್ತು ವರ್ಷವಾಗಿರದಿದ್ದರೆ, ಆನ್‌ಲೈನ್‌ನಲ್ಲಿಯೇ ಪ್ರಯಾಣಾನುಮತಿ ಪತ್ರ ಪಡೆಯುವ ಸೌಲಭ್ಯವಿದೆ. ಅಂಥದ್ದು ಇಲ್ಲದವರು ತೈವಾನಿನ ರಾಯಭಾರ ಕಚೇರಿಯಂತೆ ಕೆಲಸ ಮಾಡುವ ತೈಪೆ ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರದ ಮೂಲಕ ವೀಸಾಕ್ಕೆ ಅರ್ಜಿ ಹಾಕಬೇಕು. ನಮಗೆ ಹತ್ತಿರದ್ದು ಚೆನ್ನೈಯಲ್ಲಿದೆ. ನಿಯಮಗಳು ಬದಲಾಗುತ್ತಿರುವುದರಿಂದ ಟಿಕೆಟ್ ಕೊಳ್ಳುವ ಮೊದಲು ಅಧಿಕೃತ ಜಾಲತಾಣವನ್ನೇ ನೋಡಬೇಕು, ಏಜೆಂಟರ ಮಾತನ್ನಲ್ಲ. ಬೆಂಗಳೂರಿನಿಂದ ಸಿಂಗಪುರ, ಬ್ಯಾಂಕಾಕ್, ಕೌಲಾಲಂಪುರ ಅಥವಾ ಹಾಂಗ್‌ಕಾಂಗ್ ಮಾರ್ಗವಾಗಿ ತೈಪೆಯ ತಾವೊಯುವಾನ್ ವಿಮಾನ ನಿಲ್ದಾಣ ತಲುಪಬಹುದು. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿರುತ್ತದೆ. ಬೆಳಗಿನ ಐದೂವರೆಗೆ ಕಾಡಿನಲ್ಲಿರಬೇಕಾದರೆ ನಮ್ಮ ದೇಹದ ಲೆಕ್ಕದಲ್ಲಿ ಮೂರು ಗಂಟೆಗೆ ಅಲ್ಲಿರಬೇಕು. ಆದ್ದರಿಂದ ಮೊದಲ ದಿನವನ್ನು ಭಾರವಾದ ಯೋಜನೆಗಳಿಂದ ತುಂಬಬಾರದು.

ಹಣ ಬದಲಾಯಿಸುವಾಗ ಸಾವಿರ ತೈವಾನ್ ಡಾಲರ್‌ನ ಒಂದು ನೋಟನ್ನು ತಿರುಗಿಸಿ ನೋಡಿ. ಅದರ ಹಿಂಭಾಗದಲ್ಲಿರುವ ಜೋಡಿ ಮಿಕಾಡೊ ಫೆಸೆಂಟ್‌ಗಳು. ಪ್ರವಾಸದ ಅತಿ ಮುಖ್ಯ ಹಕ್ಕಿಯ ಚಿತ್ರ ಜೇಬಿನಲ್ಲಿಯೇ ಇರುತ್ತದೆ. ಬೆಟ್ಟದ ಊರುಗಳ ಚಿಕ್ಕ ಅಂಗಡಿಗಳಲ್ಲಿ ನಗದೇ ನಡೆಯುವುದು. ನಗರದ ಮೆಟ್ರೊ, ಬಸ್ಸುಗಳಿಗೆ ಈಸಿಕಾರ್ಡ್ ಎಂಬ ಒಂದೇ ಕಾರ್ಡ್ ಸಾಕು.

ನಾಲ್ಕನೆಯ ಹಂತ: ಚೀಲದಲ್ಲಿ ಏನಿರಬೇಕು

ದುರ್ಬೀನು 8×42 ಅಳತೆಯದ್ದಿರಲಿ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ವ್ಯಾಸ ಮಿಲಿಮೀಟರ್‌ಗಳಲ್ಲಿ. 42ನ್ನು 8ರಿಂದ ಭಾಗಿಸಿದರೆ ಬರುವ ಸುಮಾರು 5 ಮಿಲಿಮೀಟರ್ ಬೆಳಕಿನ ವೃತ್ತ ಮುಂಜಾನೆಯ ಮಬ್ಬಿನಲ್ಲಿ ಕಣ್ಣಿಗೆ ಸಾಕಾಗುತ್ತದೆ. 10×25ರಂಥ ಜೇಬು ದುರ್ಬೀನಿನಲ್ಲಿ ಅದು ಎರಡೂವರೆ ಮಿಲಿಮೀಟರ್‌ಗೆ ಇಳಿದು, ಮರದಡಿಯ ಫೆಸೆಂಟ್ ಬರಿಯ ಕಪ್ಪು ನೆರಳಾಗುತ್ತದೆ. ಮಂಜು, ತುಂತುರು ನಿತ್ಯದ ಮಾತಾದ್ದರಿಂದ ನೀರು ಹೋಗದ ಮಾದರಿಯೇ ಬೇಕು. ಕರಾವಳಿಯ ಜವುಗಿಗೆ ಮುಕ್ಕಾಲಿಯ ಮೇಲಿನ ದೂರದರ್ಶಕ ಇದ್ದರೆ ಚೆನ್ನ, ಆದರೆ ಗುಂಪಿನಲ್ಲಿ ಒಂದು ಸಾಕು.

ಬಟ್ಟೆಯ ವಿಷಯದಲ್ಲಿ ನಮ್ಮವರ ಲೆಕ್ಕ ಸಾಮಾನ್ಯವಾಗಿ ತಪ್ಪುತ್ತದೆ. ಪ್ರತಿ ಸಾವಿರ ಮೀಟರ್ ಏರಿದಾಗ ತಾಪಮಾನ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಬಯಲಿನ ತೈಚುಂಗ್‌ನಲ್ಲಿ 25 ಡಿಗ್ರಿ ಇದ್ದ ದಿನವೇ 3,275 ಮೀಟರ್ ಎತ್ತರದ ವುಲಿಂಗ್ ಕಣಿವೆದಾರಿಯಲ್ಲಿ ಐದಾರು ಡಿಗ್ರಿ ಇರಬಹುದು, ಅದರ ಮೇಲೆ ಗಾಳಿ ಬೇರೆ. ನಂದಿ ಬೆಟ್ಟದ ಮಂಜಿಗೆ ಸಾಕಾಗುವ ಸ್ವೆಟರ್ ಅಲ್ಲಿ ಸಾಲದು. ಒಳಗೊಂದು ಉಣ್ಣೆಯ ಪದರ, ಹೊರಗೆ ಗಾಳಿ ಮಳೆ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೊಪ್ಪಿ ಬೇಕು. ತಗ್ಗಿನ ಬಿದಿರು ಮೆಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಕಪ್ಪು ನುಸಿಗಳು ಕಚ್ಚಿ ದದ್ದೆಬ್ಬಿಸುವುದರಿಂದ ತುಂಬು ತೋಳಿನ ಅಂಗಿ ಒಳ್ಳೆಯದು. ಅಲ್ಲಿನ ವಿದ್ಯುತ್ 110 ವೋಲ್ಟ್, ಪ್ಲಗ್ಗಿಗೆ ಚಪ್ಪಟೆಯಾದ ಎರಡು ಕಡ್ಡಿಗಳು. ಚಾರ್ಜರ್‌ಗಳು ಈ ವೋಲ್ಟೇಜಿಗೆ ಒಗ್ಗುತ್ತವೆಯೇ ಎಂದು ಮೊದಲೇ ನೋಡಿ ಅಡಾಪ್ಟರ್ ಒಯ್ಯಬೇಕು.

ಐದನೆಯ ಹಂತ: ಎತ್ತರದ ಮೆಟ್ಟಿಲುಗಳು

ಹತ್ತು ದಿನಗಳ ಪ್ರವಾಸವೆಂದು ಇಟ್ಟುಕೊಂಡರೆ, ಎರಡು ದಿನ ತೈಪೆಯ ಬಯಲಿಗೆ, ಮೂರು ದಿನ ದಾಶುಯೆಶಾನ್ ಬೆಟ್ಟಕ್ಕೆ, ಎರಡು ದಿನ ಹೆಹುವಾನ್‌ಶಾನ್ ಶಿಖರ ಪ್ರದೇಶಕ್ಕೆ, ಉಳಿದದ್ದನ್ನು ದಕ್ಷಿಣದ ಕರಾವಳಿಗೆ ಕೊಡಬೇಕು.

ತೈಪೆಯಲ್ಲಿ ಕಾಡಿಗೆ ಓಡುವ ಅಗತ್ಯವಿಲ್ಲ. ನಗರದ ನಡುವಿನ ಸಸ್ಯೋದ್ಯಾನದಲ್ಲಿ ಮಲಯನ್ ನೈಟ್ ಹೆರಾನ್ ಎಂಬ ಕಂದು ಬಣ್ಣದ ಬಕ, ವಾಯುವಿಹಾರಕ್ಕೆ ಬಂದವರ ಕಾಲ ಬಳಿಯೇ ಎರೆಹುಳು ಎಳೆಯುತ್ತ ನಿಂತಿರುತ್ತದೆ. ಇದೇ ಹಕ್ಕಿ ನಮ್ಮ ಪಶ್ಚಿಮಘಟ್ಟದ ಕಾಡಿನಲ್ಲಿ ಎಷ್ಟು ಅಡಗಿ ಬದುಕುತ್ತದೆ ಎಂದು ಬಲ್ಲವರಿಗೆ ಈ ನೋಟವನ್ನು ನಂಬುವುದೇ ಕಷ್ಟ. ಎರೆಹುಳುವಿನ ಸುಳಿವು ಸಿಕ್ಕಾಗ ಅದು ಕತ್ತನ್ನು ಹಾವಿನಂತೆ ಮೆಲ್ಲಗೆ ಎಡಬಲಕ್ಕೆ ಬಳುಕಿಸಿ, ತಲೆಯನ್ನು ಮಾತ್ರ ಕದಲಿಸದೆ, ಒಮ್ಮೆಲೇ ಕುಕ್ಕುತ್ತದೆ. ಹುಳು ತುಂಡಾಗದಂತೆ ನಿಧಾನವಾಗಿ ಎಳೆಯುವುದನ್ನು ಮೂರಡಿ ದೂರದಲ್ಲಿ ನಿಂತು ನೋಡಬಹುದು. ಅದೇ ಉದ್ಯಾನದಲ್ಲಿ ತೈವಾನ್ ಬಾರ್ಬೆಟ್ ಒಣಕೊಂಬೆಯಲ್ಲಿ ಪೊಟರೆ ಕೊರೆಯುತ್ತದೆ. ದೇವರಾಯನದುರ್ಗದಲ್ಲಿ ದಿನವಿಡೀ ಕೂಗುವ ಕುಟ್ರಹಕ್ಕಿಯ ಬಳಗದ್ದು. ಮೆಟ್ರೊದಲ್ಲಿ ಗುವಾಂಡು ನಿಲ್ದಾಣಕ್ಕೆ ಹೋದರೆ 2001ರಲ್ಲಿ ತೆರೆದ ಗುವಾಂಡು ನಿಸರ್ಗೋದ್ಯಾನದ ಜವುಗಿನಲ್ಲಿ ಉಲ್ಲಂಕಿಗಳು, ಬಾತುಗಳು ಸಿಗುತ್ತವೆ. ನಮ್ಮೂರಿನ ಗೊರವಂಕ ಅಲ್ಲಿ ಹೊರಗಿನಿಂದ ಬಂದು ಹಬ್ಬಿದ ಹಕ್ಕಿ. ಜಾವಾ ಮೈನಾದ ಜೊತೆ ಸೇರಿ ಅಲ್ಲಿನ ಮೂಲನಿವಾಸಿ ಕ್ರೆಸ್ಟೆಡ್ ಮೈನಾವನ್ನು ಮೂಲೆಗೊತ್ತಿದೆ ಎಂದು ತಿಳಿದಾಗ, ನಮ್ಮ ಹಿತ್ತಲಿನ ನಿರುಪದ್ರವಿ ಹಕ್ಕಿಯನ್ನು ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ. ಎರಡನೆಯ ದಿನ ಯಾಂಗ್‌ಮಿಂಗ್‌ಶಾನ್ ಅಥವಾ ವುಲಾಯ್ ಕಡೆಗೆ ಹೋದರೆ ತೈವಾನ್ ನೀಲಿ ಮ್ಯಾಗ್‌ಪೈ ಸಿಗುವ ಸಂಭವ ಹೆಚ್ಚು. ಮಟಪಕ್ಷಿಯಂತೆ ಉದ್ದ ಬಾಲ, ಕಡುನೀಲಿ ಮೈ, ಕಪ್ಪು ತಲೆ, ಕೆಂಪು ಕೊಕ್ಕು. ಒಂದು ಕಂಡರೆ ಅಲುಗಾಡದೆ ನಿಲ್ಲಿ: ಅವು ಕುಟುಂಬವಾಗಿ ಬದುಕುವುದರಿಂದ, ಹಿಂದಿನ ವರ್ಷದ ಮರಿಗಳೂ ಸೇರಿದಂತೆ ಒಂದರ ಹಿಂದೊಂದು ಕಣಿವೆ ದಾಟುತ್ತವೆ.

ಮೂರನೆಯ ದಿನ ಹೈಸ್ಪೀಡ್ ರೈಲಿನಲ್ಲಿ ಒಂದು ಗಂಟೆಯೊಳಗೆ ತೈಚುಂಗ್ ತಲುಪಬಹುದು. ಅಲ್ಲಿಂದ ಮುಂದೆ ಚಾಲಕನಿರುವ ಬಾಡಿಗೆ ಕಾರು ಬೇಕೇ ಬೇಕು. ಬೆಟ್ಟಕ್ಕೆ ಬಸ್ಸುಗಳು ಅಪರೂಪ. ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುವ ದೇಶದಲ್ಲಿ, ಮಂಜು ಕವಿದ ಘಾಟಿಯಲ್ಲಿ, ಹಕ್ಕಿಗಾಗಿ ಕಣ್ಣಾಡಿಸುತ್ತ ನಾವೇ ಕಾರು ಓಡಿಸುವುದು ಬುದ್ಧಿವಂತಿಕೆಯಲ್ಲ. ದೊಂಗ್‌ಶಿ ಪಟ್ಟಣದಿಂದ ಏರುವ ದಾಶುಯೆಶಾನ್ ಅರಣ್ಯ ರಸ್ತೆ ಸುಮಾರು 50 ಕಿಲೋಮೀಟರ್ ಉದ್ದವಿದ್ದು, ಅಲ್ಲಿನ ಹಕ್ಕಿ ವೀಕ್ಷಕರು ಜಾಗಗಳನ್ನು ಊರ ಹೆಸರಿನಿಂದಲ್ಲ, ಕಿಲೋಮೀಟರ್ ಕಲ್ಲಿನಿಂದ ಹೇಳುತ್ತಾರೆ. 23ನೇ ಕಿಲೋಮೀಟರ್ ಸ್ವಿನ್‌ಹೋ ಫೆಸೆಂಟ್‌ಗೆ ಹೆಸರುವಾಸಿ, 47ನೇ ಕಿಲೋಮೀಟರ್ ಮಿಕಾಡೊ ಫೆಸೆಂಟ್‌ಗೆ. ಅರಣ್ಯ ಇಲಾಖೆಯ ವಸತಿಗೃಹ 43ನೇ ಕಿಲೋಮೀಟರ್ ಬಳಿ ಇದೆ. ತಿಂಗಳಿಗೆ ಮೊದಲೇ, ವಾರಾಂತ್ಯ ಬಿಟ್ಟು ಅಲ್ಲಿಯೇ ಕೊಠಡಿ ಕಾದಿರಿಸಬೇಕು. ತೈಚುಂಗ್‌ನಲ್ಲಿ ಮಲಗಿ ಬೆಳಗ್ಗೆ ಹೊರಟವನು ತಲುಪುವ ಹೊತ್ತಿಗೆ ರಸ್ತೆಯ ತುಂಬ ವಾಹನಗಳಿರುತ್ತವೆ, ಹಕ್ಕಿಗಳು ಪೊದೆ ಸೇರಿರುತ್ತವೆ.

ಸ್ವಿನ್‌ಹೋ ಫೆಸೆಂಟ್‌ನ ಗಂಡು ಬೆಳಗಿನ ಮೊದಲ ಬೆಳಕಿನಲ್ಲಿ ಅಥವಾ ಮಳೆ ನಿಂತ ಸಂಜೆ ಕಾಡಿನ ಅಂಚಿಗೆ ಬರುತ್ತದೆ. ದೂರದಿಂದ ಅದು ಕಪ್ಪು ಹುಂಜ. ಹತ್ತಿರ ಬಂದಂತೆ ಎದೆಯಲ್ಲಿ ನೀಲಿ ಮಿಂಚು, ಹೆಗಲ ಮೇಲೆ ಕಡುಗೆಂಪು, ನೆತ್ತಿ ಮತ್ತು ಬೆನ್ನಿನಲ್ಲಿ ಅಚ್ಚ ಬಿಳಿ, ಬಾಲದ ನಡುವಿನ ಎರಡು ಗರಿಗಳೂ ಬಿಳಿ, ಮುಖದ ಎರಡೂ ಬದಿಗೆ ಕೆಂಪು ಜೋಲುಚರ್ಮ. ಈ ಹಕ್ಕಿಗೆ ಯಾರ ಹೆಸರು ಬಂದಿದೆಯೋ ಆ ರಾಬರ್ಟ್ ಸ್ವಿನ್‌ಹೋ 1836ರಲ್ಲಿ ಹುಟ್ಟಿದ್ದು ನಮ್ಮ ಕಲ್ಕತ್ತೆಯಲ್ಲಿ. ಬ್ರಿಟಿಷ್ ಕಾನ್ಸುಲ್ ಆಗಿ ತೈವಾನಿಗೆ ಹೋಗಿ, ದ್ವೀಪದ ಹಕ್ಕಿಗಳನ್ನು ವಿಜ್ಞಾನಕ್ಕೆ ಪರಿಚಯಿಸಿದವನು. ಮಿಕಾಡೊ ಫೆಸೆಂಟ್ ಹೊರಜಗತ್ತಿಗೆ ತಿಳಿದದ್ದು ಇನ್ನೂ ತಡವಾಗಿ, 1906ರಲ್ಲಿ. ಬುಡಕಟ್ಟಿನವರೊಬ್ಬರ ತಲೆಯುಡುಗೆಯಲ್ಲಿದ್ದ ಬಾಲದ ಗರಿಗಳೇ ಅದರ ಮೊದಲ ಸುಳಿವು. ಗಂಡಿನ ಮೈ ನೀಲಿಗಪ್ಪು, ಉದ್ದ ಬಾಲದುದ್ದಕ್ಕೂ ತೆಳುವಾದ ಬಿಳಿ ಅಡ್ಡಗೆರೆಗಳು. ಅದನ್ನು ಹುಡುಕಿಕೊಂಡು ಅಲೆದಾಡುವುದಕ್ಕಿಂತ, ಮಂಜು ಕವಿದ ಮುಂಜಾನೆ 47ನೇ ಕಿಲೋಮೀಟರ್ ಬಳಿ ರಸ್ತೆಬದಿಯಲ್ಲಿ ಮಾತಿಲ್ಲದೆ ಕಾಯುವುದೇ ಸರಿಯಾದ ವಿಧಾನ. ನಡುವಿನ ಹೊತ್ತಿನಲ್ಲಿ 1,500ರಿಂದ 2,300 ಮೀಟರ್ ಎತ್ತರದ ಕಾಡಂಚಿನಲ್ಲಿ ನಡೆದರೆ, ಕಣ್ಣಿನ ಮುಂದೆ ಹಳದಿ ಗುರುತಿರುವ ಸ್ಟಿಯರ್ಸ್ ಲಿಯೋಸಿಕ್ಲಾ, ಗದ್ದಲ ಎಬ್ಬಿಸುವ ಬಿಳಿಗಿವಿಯ ಸಿಬಿಯಾ, ಜುಟ್ಟಿನ ತೈವಾನ್ ಯುಹಿನಾ ಇವೆಲ್ಲ ಮಿಶ್ರ ಹಿಂಡುಗಳಲ್ಲಿ ಹಾದುಹೋಗುತ್ತವೆ. ಹಿಂಡು ಬಂದಾಗ ಒಂದು ಹಕ್ಕಿಯ ಬೆನ್ನು ಹತ್ತದೆ, ಹಿಂಡು ದಾಟುವ ಒಂದು ತೆರಪನ್ನು ಆರಿಸಿ ಅಲ್ಲಿಯೇ ದುರ್ಬೀನು ನೆಟ್ಟರೆ ಒಂದೊಂದಾಗಿ ಎಲ್ಲವೂ ಸಿಗುತ್ತವೆ.

ಮೇಲಿನ ಮೆಟ್ಟಿಲಿಗೆ ಹೋಗಲು ಮತ್ತೆ ಬಯಲಿಗಿಳಿದು, ಪುಲಿ ಪಟ್ಟಣದ ಮೂಲಕ ಹೆಹುವಾನ್‌ಶಾನ್ ರಸ್ತೆ ಹಿಡಿಯಬೇಕು. ವುಲಿಂಗ್ ತೈವಾನಿನಲ್ಲಿ ವಾಹನ ಹೋಗುವ ಅತ್ಯಂತ ಎತ್ತರದ ಜಾಗ. ದೇವರಾಯನದುರ್ಗದ ಸುಮಾರು 1,200 ಮೀಟರ್‌ಗೆ ಒಗ್ಗಿದ ಶ್ವಾಸಕೋಶಕ್ಕೆ ಇದು ಹೊಸದು. ನಿಧಾನವಾಗಿ ನಡೆಯಬೇಕು, ತಲೆನೋವು ಬಂದರೆ ಕೆಳಗಿಳಿಯಬೇಕು. ಕುಳ್ಳ ಬಿದಿರಿನ ನಡುವೆ ವೈಟ್-ವಿಸ್ಕರ್ಡ್ ಲಾಫಿಂಗ್‌ಥ್ರಶ್ ಮನುಷ್ಯರಿಗೆ ಅಂಜದೆ ಓಡಾಡುತ್ತದೆ, ಫರ್ ಮರಗಳಲ್ಲಿ ನೆತ್ತಿಯ ಮೇಲೆ ಕಿಡಿಯಂಥ ಪಟ್ಟಿಯಿರುವ ಫ್ಲೇಮ್‌ಕ್ರೆಸ್ಟ್ ಒಂದು ಕ್ಷಣವೂ ನಿಲ್ಲದೆ ಹುಳ ಹೆಕ್ಕುತ್ತದೆ. ಮನೆಯವರನ್ನು ಕರೆದುಕೊಂಡು ಹೋಗುವವರು ಹೆಹುವಾನ್‌ಶಾನ್ ಬದಲು ಜಿಯಾಯಿಯಿಂದ ಆಲಿಶಾನ್‌ಗೆ ಹೋಗುವುದು ಒಳ್ಳೆಯದು. ಹಕ್ಕಿಯಲ್ಲಿ ಆಸಕ್ತಿಯಿಲ್ಲದವರಿಗೂ ಅಲ್ಲಿ ಬೆಟ್ಟದ ರೈಲು, ಹಳೆಯ ಸೈಪ್ರೆಸ್ ಮರಗಳು, ಸೂರ್ಯೋದಯ ಇವೆ.

ಚಳಿಗಾಲದಲ್ಲಿ ಹೋದವರು ತೈನಾನ್ ಬಳಿಯ ಚೀಗು ಜವುಗನ್ನು ತಪ್ಪಿಸಬಾರದು. ಕೊರಿಯಾದ ಪಶ್ಚಿಮ ಕರಾವಳಿಯ ನಡುಗಡ್ಡೆಗಳಲ್ಲಿ ಮರಿ ಮಾಡುವ ಕಪ್ಪು ಮುಖದ ಚಮಚಕೊಕ್ಕುಗಳು 1980ರ ದಶಕದ ಕೊನೆಗೆ ಜಗತ್ತಿನಲ್ಲಿ ಮುನ್ನೂರರಷ್ಟೂ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಈಗ ಅವುಗಳ ಸಂಖ್ಯೆ ಆರು ಸಾವಿರ ಮೀರಿದ್ದು, ಅರ್ಧಕ್ಕೂ ಹೆಚ್ಚು ತೈವಾನಿನಲ್ಲಿಯೇ ಚಳಿಗಾಲ ಕಳೆಯುತ್ತವೆ. ಅಲ್ಲಿನ ರೈತರು ಹಾಲುಮೀನಿನ ಕೊಳಗಳನ್ನು ಚಳಿಗಾಲದಲ್ಲಿ ಬತ್ತಿಸಿದಾಗ ಉಳಿಯುವ ಸಣ್ಣ ಮೀನು, ಸೀಗಡಿಗಳೇ ಅವುಗಳ ಆಹಾರ. 2002ರ ಡಿಸೆಂಬರ್‌ನಿಂದ ಕೆಲವೇ ವಾರಗಳಲ್ಲಿ ಬಾಟುಲಿಸಮ್ ಎಂಬ ಬ್ಯಾಕ್ಟೀರಿಯಾ ವಿಷದಿಂದ 73 ಹಕ್ಕಿಗಳು ಸತ್ತದ್ದೂ ಇಲ್ಲಿಯೇ. 2009ರಲ್ಲಿ ಸ್ಥಾಪನೆಯಾದ ತೈಜಿಯಾಂಗ್ ರಾಷ್ಟ್ರೀಯ ಉದ್ಯಾನದೊಳಗೆ ಈ ಪ್ರದೇಶ ಈಗ ಸೇರಿದೆ. ಹಗಲಿನಲ್ಲಿ ಅವು ಕೊಕ್ಕನ್ನು ಬೆನ್ನಿನ ಗರಿಯಲ್ಲಿ ಹುದುಗಿಸಿ ನಿದ್ದೆ ಮಾಡುವುದರಿಂದ, ಮಧ್ಯಾಹ್ನ ನಾಲ್ಕರ ನಂತರ ಹೋಗಬೇಕು. ಮುಖ ಕಾಣುವ ತನಕ ಹೆಸರು ಹೇಳಬೇಡಿ: ನಮ್ಮ ಕೆರೆಗಳಿಗೂ ಬರುವ ಯುರೇಷಿಯನ್ ಚಮಚಕೊಕ್ಕು ಒಂದೊಂದು ಆ ಗುಂಪಿನಲ್ಲಿ ಬೆರೆತಿರುತ್ತದೆ. ಅದರ ಕಣ್ಣಿನ ಸುತ್ತ ಕಪ್ಪು ಚರ್ಮ ಹರಡಿರುವುದಿಲ್ಲ.

ಮೇ ತಿಂಗಳಲ್ಲಿ ಹೋದವರು ಚೀಗು ಬಿಟ್ಟು, ಯುನ್‌ಲಿನ್ ಜಿಲ್ಲೆಯ ಹೂಬೆನ್ ಹಳ್ಳಿಯ ಕಾಡಿಗೆ ಪಿಟ್ಟಾ ಹುಡುಕಿಕೊಂಡು ಹೋಗಬೇಕು. ಅಲ್ಲಿ ಸ್ಥಳೀಯ ಮಾರ್ಗದರ್ಶಿ ಇಲ್ಲದೆ ಹೋಗುವುದು ವ್ಯರ್ಥ, ಗೂಡಿನ ಹತ್ತಿರ ಹೋಗುವುದು ಅಪರಾಧಕ್ಕೆ ಸಮ.

ಆರನೆಯ ಹಂತ: ಊಟ

ಸಸ್ಯಾಹಾರಿಗಳು ತೈವಾನ್ ಎಂದರೆ ಅಂಜುತ್ತಾರೆ, ಅನಗತ್ಯವಾಗಿ. ಬೌದ್ಧರ ಪ್ರಭಾವದಿಂದ ಅಲ್ಲಿ ಸಸ್ಯಾಹಾರಿ ಹೋಟೆಲುಗಳು ಹೇರಳವಾಗಿವೆ, ಹಲವೆಡೆ ಫಲಕದ ಮೇಲೆ ಸ್ವಸ್ತಿಕದ ಗುರುತಿರುತ್ತದೆ. ಅನೇಕ ಕಡೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ತೊಂದರೆಯಾಗುವುದು ಬೆಟ್ಟದ ಮೇಲೆ. ಬೆಳಗಿನ ಐದಕ್ಕೆ ಹೊರಡುವವನಿಗೆ ಅಲ್ಲಿ ಯಾರೂ ತಿಂಡಿ ಕೊಡುವುದಿಲ್ಲ. ಹಿಂದಿನ ಸಂಜೆಯೇ ದೊಂಗ್‌ಶಿ ಅಥವಾ ಪುಲಿಯ ದಿನಸಿ ಅಂಗಡಿಯಲ್ಲಿ ಬ್ರೆಡ್ಡು, ಬೇಯಿಸಿದ ಸಿಹಿಗೆಣಸು, ಹಣ್ಣು ಕೊಂಡಿಟ್ಟುಕೊಳ್ಳಬೇಕು. ಮನೆಯಿಂದ ನಿಪ್ಪಟ್ಟು, ಚಕ್ಕುಲಿ, ಚಟ್ನಿಪುಡಿ ಒಯ್ಯುವುದಕ್ಕೆ ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ತಾಜಾ ಹಣ್ಣು ಮತ್ತು ಯಾವುದೇ ರೂಪದ ಮಾಂಸದ ಪದಾರ್ಥವನ್ನು ಚೀಲದಲ್ಲಿ ಇಟ್ಟುಕೊಳ್ಳಬಾರದು. ಹಂದಿಗಳಿಗೆ ತಗಲುವ ಆಫ್ರಿಕನ್ ಹಂದಿಜ್ವರದ ಭಯದಿಂದ ಮಾಂಸಕ್ಕೆ ವಿಧಿಸುವ ದಂಡ ಮೊದಲ ತಪ್ಪಿಗೇ 2,00,000 ತೈವಾನ್ ಡಾಲರ್‌ವರೆಗೆ ಹೋಗುತ್ತದೆ.

ಏಳನೆಯ ಹಂತ: ನಡತೆ ಮತ್ತು ದಾಖಲೆ

23ನೇ ಕಿಲೋಮೀಟರ್‌ನಂಥ ಪ್ರಸಿದ್ಧ ಜಾಗಗಳಲ್ಲಿ ಫೋಟೊಗಾಗಿ ರಸ್ತೆಬದಿ ಕಾಳು ಚೆಲ್ಲುವವರು ಸಿಗುತ್ತಾರೆ. ಅದರಿಂದ ಹಕ್ಕಿ ಸುಲಭವಾಗಿ ಕಾಣುತ್ತದೆ ನಿಜ, ಆದರೆ ಡಾಂಬರು ರಸ್ತೆಯ ಮೇಲೆ ಕಾಳು ಹೆಕ್ಕುವುದನ್ನು ಕಲಿತ ಫೆಸೆಂಟ್ ವಾಹನದಡಿ ಸಿಗುವ ಅಪಾಯವೂ ಅಷ್ಟೇ ಹೆಚ್ಚುತ್ತದೆ. ಅವರ ಜೊತೆ ಜಗಳವಾಡುವುದು ಅತಿಥಿಗಳಾದ ನಮಗೆ ತರವಲ್ಲ. ಸ್ವಲ್ಪ ದೂರ ನಡೆದು ಕಾಯುವುದು ನಮ್ಮ ಕೈಯಲ್ಲಿದೆ. ಹಕ್ಕಿಯ ಕೂಗನ್ನು ಮೊಬೈಲ್‌ನಲ್ಲಿ ಮತ್ತೆ ಮತ್ತೆ ಹಾಕಿ ಕರೆಯುವುದನ್ನಂತೂ, ವಿಶೇಷವಾಗಿ ಗೂಡು ಕಟ್ಟುವ ತಿಂಗಳುಗಳಲ್ಲಿ, ಮಾಡಲೇಬಾರದು. ಬೇರೆ ಗಂಡು ತನ್ನ ಗಡಿಗೆ ನುಗ್ಗಿದೆಯೆಂದು ಭ್ರಮಿಸಿದ ಹಕ್ಕಿ ಮರಿಗೆ ಉಣಿಸುವುದನ್ನು ಬಿಟ್ಟು ನಮ್ಮ ಸುತ್ತ ಸುತ್ತುತ್ತದೆ.

2024ರ ಏಪ್ರಿಲ್ 3ರ ಭೂಕಂಪದ ನಂತರ ಪೂರ್ವ ಕರಾವಳಿಯ ತಾರೊಕೊ ಕಣಿವೆಯ ಹಲವು ದಾರಿಗಳು ಮುಚ್ಚಿದ್ದವು. ಸ್ಟೈಯನ್ಸ್ ಬುಲ್‌ಬುಲ್‌ಗಾಗಿ ಹ್ವಾಲಿಯೆನ್ ಕಡೆಗೆ ಹೋಗುವವರು ಹಿಂದಿನ ದಿನ ರಸ್ತೆಯ ಸ್ಥಿತಿ ವಿಚಾರಿಸಿಕೊಳ್ಳಬೇಕು. ರಸ್ತೆ ಇಲ್ಲದಿದ್ದರೆ ಕೆನ್‌ಡಿಂಗ್‌ನಲ್ಲಿಯೂ ಆ ಹಕ್ಕಿ ಸಿಗುತ್ತದೆ.

ಪ್ರತಿ ಸಂಜೆ, ಮಲಗುವ ಮೊದಲು, ಆ ದಿನದ ಪಟ್ಟಿಯನ್ನು ಇ-ಬರ್ಡ್‌ಗೆ ಏರಿಸಬೇಕು. ನೋಟ್‌ಬುಕ್ಕಿನಲ್ಲಿ ಸಮಯ, ಹವೆ, ಕಿಲೋಮೀಟರ್ ಕಲ್ಲಿನ ಸಂಖ್ಯೆಯ ಜೊತೆಗೆ ಎತ್ತರವನ್ನೂ ಬರೆಯಿರಿ; ಮೊಬೈಲಿನ ಜಿಪಿಎಸ್ ಅದನ್ನು ತೋರಿಸುತ್ತದೆ. ಗುರುತು ಖಚಿತವಾಗದ ಹಕ್ಕಿಗೆ ಹತ್ತಿರದ ಹೆಸರೊಂದನ್ನು ಅಂಟಿಸದೆ, ಕಂಡ ಗುರುತುಗಳನ್ನಷ್ಟೇ ಬರೆದು ಖಾಲಿ ಬಿಟ್ಟರೆ, ಊರಿಗೆ ಬಂದ ಮೇಲೆ ಬಲ್ಲವರನ್ನು ಕೇಳಿ ಆ ಜಾಗವನ್ನು ತುಂಬಿಕೊಳ್ಳಬಹುದು.